ಬಂಧಿಸಿದವರ ಋಣ

ಅಕ್ವೇರಿಯಂನ ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳು ಎದ್ದರೆ ಏನು ಮಾಡಬೇಕೆಂದು ಕೇಳಿ ನೋಡಿ. ಅಂಗಡಿಯವರು ಒಂದು ಬಾಟಲಿ ಕೊಟ್ಟು, ಎಷ್ಟು ಲೀಟರಿಗೆ ಎಷ್ಟು ಹನಿ ಎಂದು ಹೇಳಿ ಕಳಿಸುತ್ತಾರೆ. ನಮ್ಮ ಮನೆಯಲ್ಲಿ ವಿಷಯ ಅಷ್ಟಕ್ಕೆ ಮುಗಿಯಲಿಲ್ಲ. ಕಾರ್ಕಳದ ಜೈನ ಮನೆ ನಮ್ಮದು. ಎಂಬತ್ತು ದಾಟಿದ ನನ್ನ ಅತ್ತೆ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಸೋಸದ ನೀರು ಬಾಯಿಗಿಡುವವರಲ್ಲ. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳು ಸಾಯದಂತೆ ಮತ್ತೆ ಅದೇ ಬಾವಿಗೆ ಇಳಿಸುವ ಕ್ರಮವನ್ನು ಅವರು ಇಂದಿಗೂ ಬಿಟ್ಟಿಲ್ಲ. ಮಗ ಓದಲು ಬೆಂಗಳೂರಿಗೆ ಹೋದ ಮೇಲೆ ಅವನ ಟ್ಯಾಂಕಿನ ಪಾಲನೆ ನನ್ನ ಪಾಲಿಗೆ ಬಂತು. ಅದರ ಮುಂದೆ ಮದ್ದಿನ ಬಾಟಲಿ ಹಿಡಿದು ನಿಂತಿದ್ದಾಗ ಅತ್ತೆ ಕೇಳಿದರು: “ಈ ಮದ್ದು ಯಾರನ್ನು ಕೊಲ್ಲುತ್ತದೆ, ಮಗಾ?”

ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಬಾಟಲಿಯೊಳಗೆ ಏನಿದೆ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಬಲ್ಲೆ. ಅತ್ತೆಯ ಪ್ರಶ್ನೆಗೆ ಆ ವಿವರಣೆ ಉತ್ತರವಾಗುವುದಿಲ್ಲ. ಒಂದು ಜೀವವನ್ನು ಉಳಿಸಲು ನೂರಾರು ಜೀವಗಳನ್ನು ಕೊಲ್ಲಬಹುದೇ? ಗುಣವಾಗದ ಕಾಯಿಲೆಯಾದರೆ ಮೀನನ್ನೇ ಕೊಂದು ನೋವು ನೀಗಿಸುವುದು ದಯೆಯೇ? ಬಹಳ ಕಾಲದಿಂದ ಈ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದೇನೆ. ನನಗೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಮೊದಲು, ಮದ್ದಿಗೆ ಸಾಯುವ ಜೀವ ಯಾವುದೆಂದು ನೋಡೋಣ. ಬಿಳಿ ಚುಕ್ಕೆ ರೋಗ ತರುವುದು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಪರಾವಲಂಬಿ. ಮೀನು ಸಾಕುವವರ ಬಾಯಲ್ಲಿ ಅದು ‘ಇಕ್’. ಮೀನಿನ ಚರ್ಮದ, ಕಿವಿರಿನ ಹೊರಪದರದ ಅಡಿಗೆ ಹೊಕ್ಕು, ಅಲ್ಲಿನ ಜೀವಕೋಶಗಳನ್ನು ತಿಂದು ಅದು ಬೆಳೆಯುತ್ತದೆ. ನಮ್ಮ ಕಣ್ಣಿಗೆ ಬೀಳುವ ಬಿಳಿ ಚುಕ್ಕೆ ಇದೇ. ಬೆಳೆದ ಮೇಲೆ ಮೀನನ್ನು ಬಿಟ್ಟು ತಳಕ್ಕಿಳಿದು, ಕಲ್ಲಿಗೋ ಗಿಡಕ್ಕೋ ಅಂಟಿಕೊಂಡು, ತನ್ನ ಸುತ್ತ ಗಟ್ಟಿ ಹೊದಿಕೆ ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಡೆಯುತ್ತ ಒಡೆಯುತ್ತ ನೂರಾರು ಮರಿಗಳಾಗುತ್ತದೆ. ಮರಿಗಳು ಹೊರಬಿದ್ದು ಮೀನನ್ನು ಹುಡುಕಿಕೊಂಡು ಈಜುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಚರ್ಮದಡಿಯಲ್ಲಿರುವಾಗ, ಹೊದಿಕೆಯೊಳಗಿರುವಾಗ ಮದ್ದು ಅವನ್ನು ತಲುಪುವುದಿಲ್ಲ. ಈಜುವ ಹೊತ್ತಿನಲ್ಲಿ ಮಾತ್ರ ತಾಗುತ್ತದೆ. ನೀರನ್ನು 28ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗೆ ಮಾಡುವುದು ಇದಕ್ಕಾಗಿಯೇ: ಬೆಚ್ಚಗಿನ ನೀರಿನಲ್ಲಿ ಅವುಗಳ ಜೀವನಚಕ್ರ ಬೇಗ ತಿರುಗಿ, ಅವು ಬೇಗ ಮದ್ದಿನ ಕೈಗೆ ಸಿಗುತ್ತವೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಏರ್ ಪಂಪ್ ನಿಲ್ಲದೆ ಓಡಬೇಕು. ಚುಕ್ಕೆಗಳು ಮಾಯವಾದ ಮೇಲೂ ಚಿಕಿತ್ಸೆಯನ್ನು ಕೆಲವು ದಿನ ಮುಂದುವರಿಸಬೇಕು. ತಳದ ಹೊದಿಕೆಗಳಲ್ಲಿ ಇನ್ನೂ ಮರಿಗಳು ಉಳಿದಿರುತ್ತವೆ.

ಅಂದರೆ ಈ ಚಿಕಿತ್ಸೆಯ ತಿರುಳು ಇಷ್ಟು: ಹಸಿದ ಮರಿಗಳು ಆಹಾರ ಹುಡುಕಿ ಹೊರಡುವ ಹೊತ್ತಿಗೆ ಕಾದು ಕುಳಿತು ಅವನ್ನು ಕೊಲ್ಲುವುದು. ಮಾತನ್ನು ಮೆದು ಮಾಡಿ ಪ್ರಯೋಜನವಿಲ್ಲ. ಅತ್ತೆಗೆ ನಾನು ಹೀಗೆಯೇ ಹೇಳಿದೆ.

ಗೃಹಸ್ಥರ ಬದುಕಿನಲ್ಲಿ ಹಿಂಸೆ ನಾಲ್ಕು ಬಗೆ ಎಂದು ನಮ್ಮಲ್ಲಿ ಎಣಿಸುತ್ತಾರೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪಿ. ಅಡುಗೆ, ಕಸ ಗುಡಿಸುವುದು ಮುಂತಾದ ಮನೆಗೆಲಸದಲ್ಲಿ ಆಗುವುದು ಆರಂಭಿ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವುದು ವಿರೋಧಿ. ಶ್ರಾವಕರು, ಅಂದರೆ ಗೃಹಸ್ಥ ಜೈನರು, ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಕೈಲಾದಷ್ಟು ಕಡಿಮೆ ಮಾಡಬೇಕು. ಸಂಕಲ್ಪದ ತೂಕ ಎಷ್ಟೆಂಬುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯಲ್ಲಿ ಅರಸ ಯಶೋಧರ ಮತ್ತು ಅವನ ತಾಯಿ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪ ಸುಳ್ಳಾಗಿರಲಿಲ್ಲ. ಅದಕ್ಕಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ಅಲೆಯುತ್ತಾರೆ; ಅವುಗಳಲ್ಲಿ ಯಶೋಧರನಿಗೆ ಮೀನಿನ ಜನ್ಮವೂ ಒಂದು.

ಹಾಗಾದರೆ ಇಕ್‌ಗೆ ಮದ್ದು ಹಾಕುವವರು ತಮ್ಮದು ವಿರೋಧಿ ಹಿಂಸೆ ಎಂದು ಹೇಳಿಕೊಳ್ಳಬಹುದೇ? ಪರಾವಲಂಬಿ ಮೀನಿನ ಮೇಲೆ ಬಿದ್ದಿದೆ, ನಾನು ಮೀನಿನ ಪರವಾಗಿ ನಿಂತಿದ್ದೇನೆ ಎನ್ನಬಹುದೇ? ಕೇಳುವುದಕ್ಕೆ ಸರಿಯೆನಿಸುತ್ತದೆ. ಆದರೆ ಹೊಳೆಯಲ್ಲೂ ಈ ಜೀವಿ ಇದೆ. ಅಲ್ಲಿ ನೀರು ಹರಿಯುತ್ತಿರುತ್ತದೆ, ಮೀನುಗಳು ಚದುರಿರುತ್ತವೆ, ಹೊರಬಿದ್ದ ಮರಿಗಳಲ್ಲಿ ಹೆಚ್ಚಿನವಕ್ಕೆ ಮೀನು ಸಿಗುವುದೇ ಇಲ್ಲ. ಒಂದೆರಡು ಚುಕ್ಕೆ ಹೊತ್ತ ಮೀನು ಅವನ್ನು ಹೊತ್ತುಕೊಂಡೇ ಬದುಕಿಬಿಡುತ್ತದೆ. ನೂರು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಾದರೆ ಹೊರಬಿದ್ದ ಮರಿಗಳ ಕಣ್ಣಳತೆಯಲ್ಲೇ ಮೀನು. ಮೀನಿಗೆ ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಎರಡು ಜೀವಗಳ ನಡುವೆ ಇದ್ದ ಸಣ್ಣ ತಿಕ್ಕಾಟವನ್ನು ಸಾವಿನ ಯುದ್ಧ ಮಾಡಿದ್ದು ನಾವು ಕಟ್ಟಿದ ಗೋಡೆ. ಆದ್ದರಿಂದ ಇಕ್ ವೈರಿ, ನಾನು ರಕ್ಷಕಿ ಎಂಬ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಇಲ್ಲಿಂದ ನನ್ನ ಯೋಚನೆ ಬೇರೆ ದಾರಿ ಹಿಡಿಯಿತು. ಮದ್ದಿನ ಹನಿ ಬೀಳುವ ಕ್ಷಣದಲ್ಲಿ ಹಿಂಸೆಯನ್ನು ಹುಡುಕಿದರೆ ಸಾಲದು. ಅದು ಬಹಳ ಮೊದಲೇ, ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ತಂದ ದಿನವೇ ಶುರುವಾಗಿದೆ. ತತ್ತ್ವಾರ್ಥ ಸೂತ್ರದಲ್ಲಿ ಉಮಾಸ್ವಾಮಿಗಳು ಗೃಹಸ್ಥರ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ಕಳಂಕ ತರುವ ತಪ್ಪುಗಳನ್ನು, ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನ ನೀರು ತಡೆಯುವುದು. ಎತ್ತು, ಕುದುರೆ ಸಾಕುತ್ತಿದ್ದ ಕಾಲದ ಗೃಹಸ್ಥರನ್ನು ಕಣ್ಮುಂದೆ ಇಟ್ಟುಕೊಂಡು ಮಾಡಿದ ಪಟ್ಟಿಯಿದು. ಅಕ್ವೇರಿಯಂ ಮುಂದೆ ಕುಳಿತು ಓದಿದರೆ ಐದಕ್ಕೆ ಐದೂ ಇಲ್ಲಿಗೂ ಹೊಂದುತ್ತವೆ.

ಬಂಧ ಮೊದಲನೆಯದು. ಗಾಜಿನ ನಾಲ್ಕು ಗೋಡೆಯೇ ಬಂಧ. ಗೋಲ್ಡ್ ಫಿಶ್ ಸರಿಯಾಗಿ ಬೆಳೆದರೆ ಗೇಣುದ್ದ ದಾಟುತ್ತದೆ, ಹತ್ತು ವರ್ಷಕ್ಕಿಂತ ಹೆಚ್ಚು ಬದುಕುತ್ತದೆ. ಅದನ್ನು ಮೇಜಿನ ಮೇಲಿನ ಗುಂಡು ಬಟ್ಟಲಿನಲ್ಲಿ ಇಡುವವರಿದ್ದಾರೆ. ಶತಪಥ ಬ್ರಾಹ್ಮಣದ ಮನುವಿನ ಕಥೆಯನ್ನು ಇಲ್ಲಿ ನೆನೆಯಬೇಕು. ಕೈತೊಳೆಯುವ ನೀರಿನಲ್ಲಿ ಸಿಕ್ಕ ಮರಿಮೀನು ಕಾಪಾಡು ಎಂದಾಗ ಮನು ಅದನ್ನು ಮೊದಲು ಮಡಕೆಯಲ್ಲಿ ಇಟ್ಟ. ಬೆಳೆದ ಮೇಲೆ ಹೊಂಡಕ್ಕೆ ಬಿಟ್ಟ, ಕೊನೆಗೆ ಸಮುದ್ರಕ್ಕೆ ಒಯ್ದ. ಪ್ರಳಯ ಬಂದಾಗ ಅವನ ದೋಣಿಯನ್ನು ದಡ ಸೇರಿಸಿದ್ದು ಅದೇ ಮೀನು. ಮೀನು ಬೆಳೆದಂತೆ ನೀರನ್ನು ಬೆಳೆಸುವುದು ಸಾಕುವವರ ಮೊದಲ ಧರ್ಮ ಎಂದು ನಾನು ಈ ಕಥೆಯಿಂದ ತಿಳಿದುಕೊಂಡಿದ್ದೇನೆ.

ಗಾಜನ್ನು ಕುಟ್ಟಿ ಮೀನನ್ನು ಬೆದರಿಸುವುದು, ಬಲೆ ಹಿಡಿದು ಅಟ್ಟಾಡಿಸುವುದು ವಧದ ಸಾಲಿಗೆ ಸೇರುತ್ತವೆ. ಛೇದಕ್ಕೆ ಇನ್ನೂ ಕ್ರೂರ ಉದಾಹರಣೆಯಿದೆ. ನಮ್ಮ ದೇಶದ್ದೇ ಆದ ಗ್ಲಾಸ್ ಫಿಶ್ ಮೈಯೆಲ್ಲ ಪಾರದರ್ಶಕವಾದ ಪುಟ್ಟ ಮೀನು. ಅದರ ಮೈಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವುದುಂಟು. ಚುಚ್ಚಿದ ಗಾಯದಿಂದ ಸೋಂಕು ಒಳಹೋಗುತ್ತದೆ. ಅತಿಭಾರವನ್ನು ಇಲ್ಲಿ ಹೊರುವುದು ನೀರು. ಹತ್ತು ಮೀನಿಗೆ ತಕ್ಕ ನೀರಿನಲ್ಲಿ ಮೂವತ್ತು ಬಿಟ್ಟರೆ ನೀರು ಸೋಲುತ್ತದೆ, ಅದರ ಹಿಂದೆಯೇ ಮೀನು. ಅನ್ನಪಾನನಿರೋಧದಲ್ಲಿ ಒಂದು ವಿವೇಕ ಬೇಕು. ಹೊಟ್ಟೆ ಉಬ್ಬಿದ ಗೋಲ್ಡ್ ಫಿಶ್‌ಗೆ ಒಂದೆರಡು ದಿನ ಆಹಾರ ನಿಲ್ಲಿಸುವುದು ಪಥ್ಯ. ಮನೆಯವರೆಲ್ಲ ಊರಿಗೆ ಹೋಗುವಾಗ ಯಾರಿಗೂ ಹೇಳದೆ ಬಿಟ್ಟುಹೋಗುವುದು ನಿರೋಧ. ಮಾಡುವ ಕೆಲಸ ಎರಡರಲ್ಲೂ ಒಂದೇ. ಅದು ಯಾರ ಹಿತಕ್ಕೆ ಎಂಬುದು ಬೇರೆ.

ಭಾರತದ ಕಾನೂನು ಕೂಡ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳು, ಮೀನಿಗೆ ವಿನಾಯಿತಿಯಿಲ್ಲ. ಅಲುಗಾಡಲು ಸಾಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಇಡುವುದು, ಸಾಕಿದವರೇ ಅನ್ನ ನೀರು ಕೊಡದಿರುವುದು ಅದರ 11ನೆಯ ಕಲಮಿನಲ್ಲಿ ಅಪರಾಧಗಳ ಪಟ್ಟಿಯಲ್ಲಿವೆ.

ಕಾಯಿಲೆಯ ಮೂಲಕ್ಕೆ ಬಂದರೆ, ಈ ಅತಿಚಾರಗಳೇ ಅಕ್ವೇರಿಯಂನ ಹೆಚ್ಚಿನ ರೋಗಗಳ ಕಾರಣಗಳೂ ಹೌದು. ಮೀನು ತನ್ನ ಕಿವಿರಿನಿಂದ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ. ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸಬೇಕು. ಅಮೋನಿಯಾ, ನೈಟ್ರೈಟ್ ಎರಡೂ ವಿಷ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ನೀರು ಬದಲಿಸಿದರೆ ತಗ್ಗುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲುಗಳಲ್ಲಿ ನೆಲೆಯಾಗಲು ವಾರಗಳು ಬೇಕು. ಟ್ಯಾಂಕ್ ತಂದ ದಿನವೇ ಮೀನು ತುಂಬಿಸುವವರ ಮನೆಯಲ್ಲಿ ಮೀನುಗಳು ಸಾಲಾಗಿ ಸಾಯುವುದು ಇದರಿಂದ. ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಉಜ್ಜಿ ತೊಳೆದರೂ ಇದೇ ಗತಿ. ಕಾಪಾಡುತ್ತಿದ್ದ ಬ್ಯಾಕ್ಟೀರಿಯಾ ಸಾಯುತ್ತದೆ. ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಿದರೆ ಸಾಕು.

ನಮ್ಮ ಕರಾವಳಿಯ ಮುರಕಲ್ಲು ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಮೋಲಿ ಮೀನಿಗೆ ಬೇಕಾದದ್ದು ಗಡಸು, ಕ್ಷಾರೀಯ ನೀರು. ಆ ಮೀನನ್ನು ಈ ನೀರಿಗೆ ಬಿಟ್ಟರೆ ಅದು ಇದ್ದಲ್ಲೇ ನಿಂತು ಮೈ ತೊನೆಯತೊಡಗುತ್ತದೆ. ರೋಗಾಣು ಯಾವುದೂ ಇಲ್ಲ, ಮದ್ದಿಲ್ಲ. ನೀರು ಆ ಮೀನಿನದಲ್ಲ, ಅಷ್ಟೇ. ಫಿಲ್ಟರಿನಲ್ಲಿ ಒಂದು ಹಿಡಿ ಚಿಪ್ಪಿನ ಚೂರು ಇಟ್ಟರೆ ಸುಣ್ಣದಂಶ ಕರಗಿ ನೀರು ಗಡಸಾಗುತ್ತದೆ. ರಸಾಯನಶಾಸ್ತ್ರದ ಈ ಪಾಠ ನನ್ನ ಮಟ್ಟಿಗೆ ದಯೆಯ ಪಾಠವೂ ಹೌದು. ನೀರು ಏನೆಂದು ತಿಳಿಯದೆ ಮೀನಿನ ಮೇಲೆ ಕನಿಕರ ಪಟ್ಟರೆ ಮೀನಿಗೆ ಅದರಿಂದ ದಕ್ಕುವುದೇನೂ ಇಲ್ಲ.

ಎಚ್ಚರದ ವಿಷಯದಲ್ಲಿ ಜೈನ ಆಚಾರ್ಯರು ಬಹಳ ಕಟ್ಟುನಿಟ್ಟು. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳುವುದರ ಸಾರ ಇದು: ಎಚ್ಚರದಿಂದ ನಡೆಯುವವರ ಕಾಲಡಿಯಲ್ಲಿ ಜೀವವೊಂದು ಸತ್ತರೂ ಹಿಂಸೆಯ ದೋಷ ಅವರಿಗಿಲ್ಲ, ಎಚ್ಚರಗೇಡಿಯಾಗಿ ನಡೆದವರು, ಯಾವ ಜೀವ ಸಾಯದಿದ್ದರೂ, ಹಿಂಸಕರೇ. ಹೊಸ ಮೀನನ್ನು ತಂದವರು ಅದನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡದೆ ನೇರ ಟ್ಯಾಂಕಿಗೆ ಬಿಟ್ಟರು ಅನ್ನಿ. ಅದೃಷ್ಟಕ್ಕೆ ಯಾವ ರೋಗವೂ ಬರಲಿಲ್ಲ. ಆಚಾರ್ಯರ ಲೆಕ್ಕದಲ್ಲಿ ಹಿಂಸೆ ಆಗಿಹೋಗಿದೆ. ಬೇರೆ ತೊಟ್ಟಿ, ಬೇರೆ ಬಲೆ, ವಾರವಾರ ಸ್ವಲ್ಪ ನೀರಿನ ಬದಲಾವಣೆ, ಮಿತವಾದ ಆಹಾರ: ಇವೇ ಸಾಕುವವರ ಅಣುವ್ರತ. ಇವನ್ನು ಪಾಲಿಸುವ ಮನೆಯಲ್ಲಿ ಮದ್ದಿನ ಬಾಟಲಿ ಕೈಗೆತ್ತಿಕೊಳ್ಳುವ ಸಂದರ್ಭವೇ ಅಪರೂಪ.

ಎಲ್ಲ ಎಚ್ಚರದ ನಂತರವೂ ರೋಗ ಬಂದರೆ? ಅತ್ತೆಗೆ ನಾನು ಕೊಟ್ಟ ಉತ್ತರ: ಮದ್ದು ಹಾಕಬೇಕು. ಮೀನನ್ನು ಬಂಧದಲ್ಲಿ ಇಟ್ಟವರಿಗೆ ಸುಮ್ಮನೆ ನೋಡುತ್ತ ನಿಲ್ಲುವ ಹಕ್ಕಿಲ್ಲ. ಹೊಳೆಯ ಮೀನಿನ ಕಾಯಿಲೆ ಅದರ ಕರ್ಮ ಎನ್ನಬಹುದು; ಟ್ಯಾಂಕಿನ ಮೀನಿನ ಕಾಯಿಲೆಯಲ್ಲಿ ನಮ್ಮ ಕೈಯಿದೆ. ಪರಾವಲಂಬಿಗಳ ಸಾವನ್ನು ಹಿಂಸೆಯೆಂದೇ ಒಪ್ಪಿ, ದಿನದ ತಪ್ಪುಗಳನ್ನು ಒಪ್ಪಿಕೊಳ್ಳುವ ಸಂಜೆಯ ಪ್ರತಿಕ್ರಮಣದಲ್ಲಿ ಅದನ್ನು ನೆನೆದು, ಮತ್ತೆ ಅಂಥ ಸಂದರ್ಭ ಬಾರದಂತೆ ನೀರನ್ನು ನೋಡಿಕೊಳ್ಳಬೇಕು. ಅತ್ತೆ ಇದನ್ನು ಪೂರ್ತಿ ಒಪ್ಪಲಿಲ್ಲ. “ಗೋಡೆಯೇ ಬೇಡವಾಗಿತ್ತು” ಎಂದರು. ಆ ಮಾತು ನಿಜ. ಈಗಿರುವ ಮೀನುಗಳ ಆಯುಸ್ಸು ಮುಗಿದ ಮೇಲೆ ಹೊಸ ಮೀನು ತರುವುದಿಲ್ಲ ಎಂದು ಮಗನೂ ನಾನೂ ಒಪ್ಪಿಕೊಂಡಿದ್ದೇವೆ.

ಇನ್ನು ಎರಡನೆಯ ಪ್ರಶ್ನೆ. ಡ್ರಾಪ್ಸಿ ಎಂಬ ಸ್ಥಿತಿಯಲ್ಲಿ ಮೀನಿನ ಮೈಯೊಳಗೆ ನೀರು ತುಂಬಿ, ಹುರುಪೆಗಳೆಲ್ಲ ನೆಟ್ಟಗೆ ಎದ್ದು ನಿಲ್ಲುತ್ತವೆ. ಅಷ್ಟು ಹೊತ್ತಿಗೆ ಮೂತ್ರಪಿಂಡ ಕೆಟ್ಟಿರುತ್ತದೆ. ಗುಣವಾಗುವುದು ಅಪರೂಪ. ಮೀನಿಗೆ ನೋವು ತಿಳಿಯುತ್ತದೆಯೇ ಎಂಬುದು ವಿಜ್ಞಾನಿಗಳ ನಡುವೆಯೂ ಚರ್ಚೆಯ ವಿಷಯ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯಲ್ಲಿ ನೋವಿನ ನರತುದಿಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳ ಉಸಿರಾಟ ಜೋರಾಯಿತು, ಅವು ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಮಾರ್ಫಿನ್ ಕೊಟ್ಟಾಗ ಈ ವರ್ತನೆ ತಗ್ಗಿತು. ಮನುಷ್ಯನಿಗಿರುವಂಥ ಮಿದುಳಿನ ಹೊರಪದರ ಮೀನಿಗೆ ಇಲ್ಲದ್ದರಿಂದ ಅದು ನೋವು ಅನುಭವಿಸಲಾರದು ಎಂದು ವಾದಿಸಿದ ವಿಜ್ಞಾನಿಗಳೂ ಇದ್ದಾರೆ. ಜೈನ ಗಣನೆಯಲ್ಲಿ ಮೀನು ಪಂಚೇಂದ್ರಿಯ ಜೀವ. ಸುಖ ದುಃಖ ಅದಕ್ಕುಂಟು. ನಾನು ಅದಕ್ಕೆ ನೋವಿದೆ ಎಂದೇ ನಡೆದುಕೊಳ್ಳುತ್ತೇನೆ.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಗುಣವಾಗದ ಕಾಯಿಲೆಯಿಂದ ಒದ್ದಾಡುತ್ತಿತ್ತು. ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಪ್ರಾಣ ತೆಗೆಸಿದರು. ಗುಜರಾತಿನ ಅನೇಕ ಜೈನರು ಸಿಟ್ಟಾದರು. ಸ್ವಾರ್ಥವಿಲ್ಲದೆ, ಆ ಜೀವದ ನೋವನ್ನು ನೀಗಿಸಲೆಂದೇ ಮಾಡಿದ್ದು ಅಹಿಂಸೆಯೇ ಎಂದು ಗಾಂಧೀಜಿ ಬರೆದು ವಾದಿಸಿದರು. ಆಕ್ಷೇಪಿಸಿದ ಜೈನರದ್ದು ಬರೀ ಹಟವಾಗಿರಲಿಲ್ಲ. ಆ ಕರು ಸಾಯಲು ಒಪ್ಪಿತ್ತೇ ಎಂಬ ಪ್ರಶ್ನೆ ಅದರ ಹಿಂದಿದೆ. ನಮ್ಮಲ್ಲಿ ಆಹಾರ ಬಿಟ್ಟು ಸಾವನ್ನು ಬರಮಾಡಿಕೊಳ್ಳುವ ಸಲ್ಲೇಖನ ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಅದಕ್ಕೆ ಸಾಕ್ಷಿ. ಆದರೆ ಅದು ತಾನೇ ತಿಳಿದು ತಾನೇ ಕೈಗೊಳ್ಳುವ ವ್ರತ. ಅದನ್ನು ಒಬ್ಬರ ಪರವಾಗಿ ಇನ್ನೊಬ್ಬರು ತೆಗೆದುಕೊಳ್ಳಲು ಬರುವುದಿಲ್ಲ. ಜೈನ ಆಚಾರ್ಯ ಸಮಂತಭದ್ರರಿಗೆ, ಎಷ್ಟು ತಿಂದರೂ ಹಸಿವು ತೀರದ ಭಸ್ಮಕ ರೋಗ ಬಂದು ಅವರು ಸಲ್ಲೇಖನ ಬೇಡಿದಾಗ, ಮೊದಲು ರೋಗ ಗುಣಪಡಿಸಿಕೋ ಎಂದು ಗುರುಗಳು ಅನುಮತಿ ನಿರಾಕರಿಸಿದರೆಂಬ ಕಥೆಯೂ ಪರಂಪರೆಯಲ್ಲಿದೆ.

ಹೀಗಾಗಿ ನನ್ನ ತೀರ್ಮಾನ ಗಾಂಧೀಜಿಗೂ ಅವರ ಟೀಕಾಕಾರರಿಗೂ ನಡುವೆ ನಿಲ್ಲುತ್ತದೆ. ಮೊದಲು ನೀರು, ಬೇರೆ ತೊಟ್ಟಿ, ಕತ್ತಲೆ, ವಿಶ್ರಾಂತಿ, ಚಿಕಿತ್ಸೆ. ಇದೆಲ್ಲ ಆದ ಮೇಲೂ ಮೀನು ಮಗ್ಗುಲಾಗಿ ಬಿದ್ದು, ಉಸಿರಿಗೆ ಒದ್ದಾಡುತ್ತ, ಚೇತರಿಸಿಕೊಳ್ಳುವ ಯಾವ ಸೂಚನೆಯೂ ಇಲ್ಲದಿದ್ದರೆ ನನ್ನನ್ನೇ ಕೇಳಿಕೊಳ್ಳುತ್ತೇನೆ: ನೀಗಿಸಬೇಕಾದದ್ದು ಅದರ ನೋವೇ, ಅದನ್ನು ನೋಡಲಾರದ ನನ್ನ ಸಂಕಟವೇ? ಎರಡನೆಯದಾದರೆ ಕೈ ತಡೆಯುತ್ತೇನೆ. ಮೊದಲನೆಯದೇ ಆದರೆ ಲವಂಗದ ಎಣ್ಣೆಯ ದಾರಿಯಿದೆ. ಅದರಲ್ಲಿರುವ ಯೂಜಿನಾಲ್ ಮೀನಿಗೆ ಅರಿವಳಿಕೆ; ಸ್ವಲ್ಪ ನೀರಿನಲ್ಲಿ ಚೆನ್ನಾಗಿ ಕಲಕಿ ಮೆಲ್ಲಮೆಲ್ಲಗೆ ಬೆರೆಸಿದರೆ ಮೀನು ಮೊದಲು ಪ್ರಜ್ಞೆ ತಪ್ಪುತ್ತದೆ, ಪ್ರಮಾಣ ಹೆಚ್ಚಿದಾಗ ಉಸಿರು ನಿಲ್ಲುತ್ತದೆ. ಕಿವಿರಿನ ಅಲುಗಾಟ ನಿಂತ ಮೇಲೂ ಬಹಳ ಹೊತ್ತು ಕಾಯಬೇಕು. ಜೀವಂತ ಮೀನನ್ನು ಶೌಚಾಲಯಕ್ಕೆ ಸುರಿಯುವುದು, ಫ್ರೀಜರಿಗೆ ಹಾಕುವುದು, ನೀರಿನಿಂದ ತೆಗೆದು ಹೊರಗಿಡುವುದು ಕ್ರೌರ್ಯ. ಲವಂಗದ ಎಣ್ಣೆಯಿಂದ ಕೊಂದದ್ದೂ ಹಿಂಸೆಯೇ. ಅದಕ್ಕೆ ಅಹಿಂಸೆಯ ಹೆಸರಿಡಲು ನಾನು ಒಪ್ಪುವುದಿಲ್ಲ. ಹೆಸರು ಬದಲಿಸಿದರೆ ಮುಂದಿನ ಸಲ ಕೈ ಬೇಗ ಎಣ್ಣೆಯ ಸೀಸೆಗೆ ಹೋಗುತ್ತದೆ. ಹಿಂಸೆ ಎಂದೇ ಕರೆದರೆ ಮೊದಲು ನೀರಿನ ಕಡೆಗೆ ಹೋಗುತ್ತದೆ.

ಮೂರನೆಯ ದಾರಿ ಎಂದು ಕೆಲವರು ರೋಗದ ಮೀನನ್ನು ಪುಣ್ಯ ಬರಲೆಂದು ದೇವಸ್ಥಾನದ ಕೆರೆಗೋ ಹೊಳೆಗೋ ಬಿಟ್ಟುಬರುತ್ತಾರೆ. ಶಿಶಿಲದಲ್ಲಿ, ಶೃಂಗೇರಿಯಲ್ಲಿ, ತೊಡಿಕಾನದಲ್ಲಿ ಜನ ದೇವರ ಮೀನೆಂದು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮೀನುಗಳಿವೆ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೇರೆಲ್ಲೂ ಇಲ್ಲದ ಜಾತಿಗಳಿವೆ. ದೂರದ ದೇಶದಿಂದ ಬಂದ ಮೀನನ್ನು, ಅದರ ರೋಗದ ಸಮೇತ, ಅಂಥ ನೀರಿಗೆ ಬಿಡುವುದು ಒಂದು ಜೀವದ ಹೆಸರಿನಲ್ಲಿ ಸಾವಿರ ಜೀವಗಳಿಗೆ ಬಗೆಯುವ ದ್ರೋಹ. ಔಷಧ ಬೆರೆತ ಟ್ಯಾಂಕಿನ ನೀರನ್ನೂ ಕೆರೆ, ಬಾವಿಗಳ ಹತ್ತಿರ ಸುರಿಯಬಾರದು.

ಮನೆಗೆ ಮೀನು ತರಬೇಕೆಂದಿರುವವರಲ್ಲಿ ನನ್ನ ವಿನಂತಿ ಇಷ್ಟೇ. ಮೊದಲು ಆ ಮೀನು ಎಷ್ಟು ಬೆಳೆಯುತ್ತದೆ, ಎಂಥ ನೀರು ಬೇಡುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂದು ತಿಳಿದುಕೊಳ್ಳಿ. ಟ್ಯಾಂಕಿಗೆ ನೀರು ತುಂಬಿಸಿ, ಫಿಲ್ಟರ್ ಓಡಿಸಿ, ನೀರು ಪಕ್ವವಾಗುವವರೆಗೆ ವಾರಗಟ್ಟಲೆ ಕಾಯಿರಿ. ಅಷ್ಟು ದಿನ ಕಾಯುವ ತಾಳ್ಮೆ ಇಲ್ಲದಿದ್ದರೆ ಮೀನನ್ನು ತರಬೇಡಿ. ಅದೇ ನೀವು ಆ ಮೀನಿಗೆ ಮಾಡಬಹುದಾದ ದೊಡ್ಡ ಉಪಕಾರ.